ಗೇಮ್ ತೆರೆಯ ಮೇಲೆ ಬಿದರಿ ಬಳ್ಳಿ: ಹಕ್ಕು ಯಾರದು?

ಬೀದರ್: ಬಿದರಿ ಹೂದಾನಿಯ ಮೇಲಿನ ಬೆಳ್ಳಿಯ ಬಳ್ಳಿ ಇಂದು ಮೊಬೈಲ್ ಗೇಮ್‌ನಲ್ಲಿ ಅರಮನೆಯ ಗೋಡೆಯನ್ನೂ ಅಲಂಕರಿಸಬಲ್ಲದು. ಒಂದು ಛಾಯಾಚಿತ್ರ ತೆಗೆದು, ಕಂಪ್ಯೂಟರ್‌ನಲ್ಲಿ ತಿದ್ದಿ, ಸಿದ್ಧ ಚಿತ್ರವಾಗಿ ಅಂತರಜಾಲದಲ್ಲಿ ಮಾರಾಟಕ್ಕಿಡಲು ಹೆಚ್ಚು ಸಮಯ ಬೇಕಿಲ್ಲ. ಆದರೆ ಆ ಬಳ್ಳಿಯನ್ನು ಬಳಸಲು ಯಾರ ಅನುಮತಿ ಬೇಕು ಎಂಬ ಪ್ರಶ್ನೆಗೆ ಜಿಲ್ಲೆಯ ಹೆಮ್ಮೆಯಾದ ಜಿಐ ಮಾನ್ಯತೆಯಲ್ಲಿ ಉತ್ತರವಿಲ್ಲ.

ಗೇಮಿಂಗ್ ಹಾಗೂ ಅನಿಮೇಷನ್ ಕ್ಷೇತ್ರಕ್ಕೆ ರಾಜ್ಯ ಸರಕಾರ 2012ರಲ್ಲಿಯೇ ನೀತಿ ರೂಪಿಸಿತ್ತು. 2024-29ರ ಅವಧಿಗೆ ಹೊಸ ನೀತಿಯೂ ಬಂದಿದೆ. ಬೆಂಗಳೂರಿನ ಕಂಪನಿಗಳಲ್ಲಿ ಚಿತ್ರಕಾರರ ತಂಡವೇ ಇರಬಹುದು. ಭಾಲ್ಕಿಯಲ್ಲಿ ಎಂಜಿನಿಯರಿಂಗ್ ಮುಗಿಸಿದ ಯುವಕನೋ, ಔರಾದಿನ ಮನೆಯಲ್ಲಿ ಕುಳಿತ ಯುವತಿಯೋ ಒಬ್ಬರೇ ಗೇಮ್ ರೂಪಿಸಲು ಹೊರಟರೆ ಸಿದ್ಧ ಚಿತ್ರಗಳೇ ಆಸರೆ. ತೊಡಕು ಆರಂಭವಾಗುವುದೂ ಅಲ್ಲಿಯೇ.

ಜಿಐ ವ್ಯಾಪ್ತಿ ಎಷ್ಟು?

ಸತು ಮತ್ತು ತಾಮ್ರದ ಎರಕ, ಬೆಳ್ಳಿಯ ಕುಸುರಿ, ಕಪ್ಪು ಬಣ್ಣ ನೀಡುವ ಕೋಟೆಯ ಮಣ್ಣು – ಇವುಗಳಿಂದ ರೂಪುಗೊಳ್ಳುವ ಬಿದರಿಗೆ 2006ರಲ್ಲಿ ಜಿಐ ನೋಂದಣಿ ದೊರೆಯಿತು. 1999ರ ಜಿಐ ಕಾಯ್ದೆ ರಕ್ಷಿಸುವುದು ಸರಕು ಮತ್ತು ಅದರ ಹೆಸರನ್ನು. ಬೇರೆಡೆ ತಯಾರಾದ ವಸ್ತುವನ್ನು ಬಿದರಿ ಎಂದು ಮಾರುವುದನ್ನು ಅದು ತಡೆಯುತ್ತದೆ. ಬಿದರಿಯ ಚಿತ್ತಾರವನ್ನು ಗೇಮ್‌ನಲ್ಲಿ ಬಿಡಿಸುವುದನ್ನಲ್ಲ.

ತಲೆಮಾರುಗಳಿಂದ ಬಂದ ಸಾಂಪ್ರದಾಯಿಕ ಬಳ್ಳಿ-ಹೂಗಳಿಗೆ ಕೃತಿಸ್ವಾಮ್ಯವೂ ಇಲ್ಲ. ಯಾರು ಬೇಕಾದರೂ ಹೊಸದಾಗಿ ಬರೆದುಕೊಳ್ಳಬಹುದು. ಆದರೆ ಇಂದಿನ ಕಲಾವಿದ ಸ್ವತಃ ಕಲ್ಪಿಸಿದ ಚಿತ್ತಾರ 1957ರ ಕೃತಿಸ್ವಾಮ್ಯ ಕಾಯ್ದೆಯ ರಕ್ಷಣೆಗೆ ಅರ್ಹ. ಅದರ ಛಾಯಾಚಿತ್ರದ ಹಕ್ಕು ಬೇರೆ. ಹೀಗಾಗಿ ಒಂದೇ ಚಿತ್ರಕ್ಕೆ ಇಬ್ಬರ ಅನುಮತಿ ಬೇಕಾಗಬಹುದು.

ಉಚಿತವೆಂದರೆ ಷರತ್ತಿಲ್ಲವೆಂದಲ್ಲ

ಬೀದರ್ ಕೋಟೆ ಮತ್ತು 1472ರ ಮಹಮೂದ್ ಗಾವಾನ್ ಮದರಸಾವನ್ನು ಚಿತ್ರಿಸಲು ಕೃತಿಸ್ವಾಮ್ಯದ ಅಡ್ಡಿಯಿಲ್ಲ. ಆದರೆ ಅವುಗಳ ಬಗ್ಗೆ ವಿಕಿಮೀಡಿಯಾ ಕಾಮನ್ಸ್‌ನಲ್ಲಿರುವ ಅನೇಕ ಛಾಯಾಚಿತ್ರಗಳು ಕ್ರಿಯೇಟಿವ್ ಕಾಮನ್ಸ್ ಪರವಾನಗಿಗೆ ಒಳಪಟ್ಟಿವೆ. 'ಬಿವೈ' ಎಂದಿದ್ದರೆ ಕರ್ತೃವಿನ ಹೆಸರು ನಮೂದಿಸಬೇಕು. 'ಎಸ್ಎ' ಎಂದಿದ್ದರೆ ತಿದ್ದಿದ ಚಿತ್ರವನ್ನೂ ಅದೇ ಷರತ್ತಿನಲ್ಲಿ ಬಿಟ್ಟುಕೊಡಬೇಕು. 'ಎನ್‌ಸಿ' ಇದ್ದರೆ ಹಣಕ್ಕೆ ಮಾರುವ ಗೇಮ್‌ಗೆ ಸಲ್ಲದು. 'ಎನ್‌ಡಿ' ಇದ್ದರೆ ತಿದ್ದಿದ ರೂಪವನ್ನು ಹಂಚುವಂತಿಲ್ಲ. 'ಸಿಸಿ ಜೀರೋ' ಮಾತ್ರ ಇಂತಹ ಷರತ್ತುಗಳಿಂದ ಮುಕ್ತ.

ಹಣ ಕೊಟ್ಟು ಕೊಂಡ ಚಿತ್ರದಲ್ಲಿಯೂ ಸಾಮಾನ್ಯವಾಗಿ ದೊರೆಯುವುದು ಬಳಕೆಯ ಹಕ್ಕೇ ಹೊರತು ಒಡೆತನವಲ್ಲ. ಚಿತ್ರ ಏರಿಸಿದವನೇ ಅದರ ಹಕ್ಕುದಾರನಲ್ಲದಿದ್ದರೆ ಆತ ಕೊಟ್ಟ ಪರವಾನಗಿಗೂ ಬೆಲೆಯಿಲ್ಲ. ದೂರು ಬಂದರೆ ವರ್ಷಗಳ ಶ್ರಮದ ಗೇಮ್ ಮಾರಾಟ ತಾಣದಿಂದ ಮಾಯವಾಗಬಹುದು. ಗೊತ್ತಿದ್ದೂ ಉಲ್ಲಂಘಿಸಿದವರಿಗೆ ಕಾಯ್ದೆಯ 63ನೇ ಕಲಂನಡಿ ಮೂರು ವರ್ಷದವರೆಗೆ ಸೆರೆವಾಸಕ್ಕೂ ಅವಕಾಶವಿದೆ.

ಐದು ವರ್ಷ, ಭಾರತ ಮಾತ್ರ

ಬಿದರಿ ಕಲಾವಿದನಿಂದಲೇ ನೇರವಾಗಿ ಚಿತ್ತಾರ ಪಡೆದರೂ ಬಾಯಿಮಾತು ಸಾಲದು, ಪರವಾನಗಿ ಲಿಖಿತವಾಗಿರಬೇಕು. ಅದರಲ್ಲಿ ಅವಧಿ ಬರೆಯದಿದ್ದರೆ ಕಾಯ್ದೆಯ 19ನೇ ಕಲಂ ಪ್ರಕಾರ ಐದು ವರ್ಷ ಮಾತ್ರ. ಪ್ರದೇಶ ಬರೆಯದಿದ್ದರೆ ಭಾರತಕ್ಕೆ ಮಾತ್ರ ಸೀಮಿತ. ಈ ನಿಯಮ ಪರವಾನಗಿಗೂ ಅನ್ವಯಿಸುತ್ತದೆ. ಗೇಮ್ ಬಿಡುಗಡೆಯಾಗುವುದು ಜಗತ್ತಿನಾದ್ಯಂತ ಎಂಬುದನ್ನು ನೆನೆದರೆ ಈ ಮೌನ ಎಷ್ಟು ದುಬಾರಿ ಎಂಬುದು ಸ್ಪಷ್ಟ.

ಮತ್ತೊಂದು ಬದಿಯಲ್ಲಿ ಕುಶಲಕರ್ಮಿಯ ಪಾಲಿನ ಪ್ರಶ್ನೆಯಿದೆ. 2023ರಲ್ಲಿ ಬೀದರಿನ ಶಾಹ್ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಸಂದಾಗ ಬಿದರಿಗೆ ದೇಶದ ಗೌರವ ದೊರೆಯಿತು. ಆದರೆ ಗೌರವವು ರಾಯಧನವಾಗುವುದಿಲ್ಲ. ಹೊಸ ಚಿತ್ತಾರವನ್ನು ಕರಕುಶಲ ವಸ್ತುವಾಗಿ ಮಾರುವವರು, ಅದನ್ನು ಬಹಿರಂಗಪಡಿಸುವ ಮೊದಲೇ 2000ದ ವಿನ್ಯಾಸ ಕಾಯ್ದೆಯಡಿ ನೋಂದಾಯಿಸಿದರೆ ಗರಿಷ್ಠ 15 ವರ್ಷ ರಕ್ಷಣೆ ಪಡೆಯಬಹುದು. ಚಿತ್ರರೂಪದ ಬಳಕೆಗೆ ಮಾತ್ರ ಕರಾರು ಪತ್ರವೇ ದಾರಿ.

ಕರಕುಶಲ ಅಭಿವೃದ್ಧಿ ನಿಗಮವು ಕನ್ನಡದಲ್ಲಿ ಒಂದು ಪುಟದ ಮಾದರಿ ಪರವಾನಗಿ ಪತ್ರ ಸಿದ್ಧಪಡಿಸಿದರೆ ಇದಕ್ಕೆ ದೊಡ್ಡ ಅನುದಾನ ಬೇಕಿಲ್ಲ. ಹೆಸರು, ಅವಧಿ, ಪ್ರದೇಶ, ಪಾವತಿ – ಈ ನಾಲ್ಕು ಅಂಶ ಅದರಲ್ಲಿದ್ದರೂ ಸಾಕು. ಗೇಮ್ ರೂಪಿಸುವ ಯುವಕನಿಗೆ ನಿಶ್ಚಿಂತೆ, ಕೆತ್ತುವ ಕೈಗೆ ಒಂದಿಷ್ಟು ಆದಾಯ. ಇಲ್ಲದಿದ್ದರೆ ಬಿದರಿಯ ಬಳ್ಳಿ ಜಗತ್ತಿನ ತೆರೆಗಳ ಮೇಲೆ ಹಬ್ಬುತ್ತದೆ; ಅದರ ಬೇರು ಮಾತ್ರ ಬೀದರಿನಲ್ಲಿ ಒಣಗುತ್ತದೆ.