ಡಯಲ್ ಮೇಲಿನ ನಂಬರನ್ನ ನಂಬಬೇಡಿ

1/7
ಮೊದಲನೇ ಫೋಟೋ ನೋಡಿ. ಸುಬ್ರಹ್ಮಣ್ಯಪುರ, ನಮ್ಮ ಪಕ್ಕದ ಬೀದಿ ಅಜ್ಜಿ, ಅವರ ಮನೆ ಜಗಲಿ, ಬೆಳಗಿನ ಬೆಳಕು. 4×5 ಶೀಟ್ ಫಿಲ್ಮ್. ಕಂಬ ಶಾರ್ಪ್, ಸೀರೆ ಅಂಚು ಶಾರ್ಪ್. ಮುಖ ಮಾತ್ರ ಕಲಸಿಹೋಗಿದೆ. "ಪಕ್ಕಾ ವಿಂಟೇಜ್ ವೈಬ್ ಮಗಾ" ಅಂತ ಕಾಮೆಂಟ್ ಹಾಕಿದ್ರಿ. ಥ್ಯಾಂಕ್ಸ್. ಆದ್ರೆ ಅದು ವೈಬ್ ಅಲ್ಲ ಕಣ್ರೋ, ನನ್ನ ಸೋಮಾರಿತನ.

2/7
ಆಗಿದ್ದು ಇಷ್ಟು. ಹಳೇ ಕಾಂಪುರ್ ಶಟರ್, ಡಯಲ್ 2ರ ಮೇಲೆ. ಅಂದ್ರೆ ಅರ್ಧ ಸೆಕೆಂಡು. "ಅಜ್ಜಿ, ಅಲ್ಲಾಡ್ಬೇಡಿ" ಅಂದೆ. ಅಲ್ಲಾಡಲಿಲ್ಲ. ಕ್ಲಿಕ್ ಕೇಳಿಸ್ತು, ಮುಗೀತು ಅಂದ್ಕೊಂಡು ನಕ್ಕು ನನ್ನ ಕಡೆ ತಿರುಗಿದ್ರು. ಶಟರ್ ಇನ್ನೂ ತೆರೆದೇ ಇತ್ತು! ಆಮೇಲೆ ಅಳೆದು ನೋಡಿದ್ರೆ ಒಂದೂಕಾಲು ಸೆಕೆಂಡು. ಅಜ್ಜಿ ಕೊಟ್ಟ ಮಾತು ಉಳಿಸ್ಕೊಂಡ್ರು, ನನ್ನ ಕ್ಯಾಮೆರಾ ಉಳಿಸ್ಕೊಳ್ಳಲಿಲ್ಲ. ಮುಂದಿನ ವಾರವೇ ಅವರು ಮಗನ ಮನೆಗೆ ಅಂತ ಹಾಸನಕ್ಕೆ ಹೋದ್ರು. ಜಗಲಿ ಮೇಲೆ ಈಗ ಟು-ಲೆಟ್ ಬೋರ್ಡ್ ಇದೆ.

3/7
ಯಾಕೆ ಹೀಗಾಗುತ್ತೆ? ಈ ಶಟರ್ ಒಳಗೆ ಬ್ಯಾಟರಿ ಇಲ್ಲ, ಚಿಪ್ ಇಲ್ಲ. ಒಂದು ಸ್ಪ್ರಿಂಗ್, ತೆಳು ಬ್ಲೇಡ್‌ಗಳು, ಗಡಿಯಾರದಲ್ಲಿರೋ ಥರ ಹಲ್ಲಿನ ಚಕ್ರಗಳು. ಒಂದು ಸೆಕೆಂಡು, ಅರ್ಧ ಸೆಕೆಂಡು ಅನ್ನೋ ನಿಧಾನದ ಸ್ಪೀಡ್‌ಗಳಲ್ಲಿ ಬ್ಲೇಡ್ ಮುಚ್ಚದ ಹಾಗೆ ತಡೆದು ಹಿಡಿಯೋದು ಆ ಚಕ್ರಗಳೇ. ಹಳೇ ಗ್ರೀಸ್ ಒಣಗಿ ಬೆಲ್ಲದ ಪಾಕದ ಥರ ಅಂಟಾದಾಗ ಮೊದಲು ಕೆಡೋದು ಈ ಸ್ಪೀಡ್‌ಗಳು. ಸ್ಪ್ರಿಂಗ್ ಸುಸ್ತಾದ್ರೆ ವೇಗದ ಸ್ಪೀಡ್‌ಗಳೂ ನಿಧಾನ ಆಗ್ತವೆ. ಡಯಲ್ ಮೇಲೆ ಕೊರೆದಿರೋ ನಂಬರ್ ಮಾತ್ರ ಬದಲಾಗಲ್ಲ. ಅದು ಫ್ಯಾಕ್ಟರಿ ಬಿಟ್ಟ ದಿನದ ಮಾತು.

4/7
"ನೆಗೆಟಿವ್ ಫಿಲ್ಮ್ ಒಂದು ಸ್ಟಾಪ್ ಜಾಸ್ತಿ ಆದ್ರೂ ತಡ್ಕೊಳ್ಳುತ್ತೆ ಬಿಡು" ಅಂತೀರಾ. ನಿಜ, ಬೆಳಕನ್ನ ತಡ್ಕೊಳ್ಳುತ್ತೆ. ಅಲ್ಲಾಡಿದ ಮುಖವನ್ನ ಯಾವ ಫಿಲ್ಮೂ ಸರಿ ಮಾಡಲ್ಲ. ಸ್ಲೈಡ್ ಫಿಲ್ಮ್ ಆದ್ರಂತೂ ಅರ್ಧ ಸ್ಟಾಪ್ ತಪ್ಪಿದ್ರೂ ಗೊತ್ತಾಗುತ್ತೆ.
"ಮಿಸ್ಟೇಕ್ ಕೂಡ ಆರ್ಟ್" ಅಂತೀರಾ. ಬೇಕು ಅಂತ ಬ್ಲರ್ ಮಾಡಿದ್ರೆ ಆರ್ಟ್. ಗೊತ್ತಿಲ್ಲದೆ ಆಗಿದ್ದಕ್ಕೆ ಆಮೇಲೆ ಹೆಸರಿಟ್ರೆ ಅದು ಕ್ಯಾಪ್ಷನ್ ಅಷ್ಟೇ.
"ಎರಡು ಹನಿ ಹೊಲಿಗೆ ಮಿಷಿನ್ ಎಣ್ಣೆ ಬಿಡು" ಅನ್ನೋರಿಗೆ ಕೈ ಮುಗೀತೀನಿ. ಎಣ್ಣೆ ಬ್ಲೇಡ್‌ಗೆ ಹರಿದ್ರೆ ಬ್ಲೇಡ್‌ಗಳು ಒಂದಕ್ಕೊಂದು ಅಂಟ್ಕೊಳ್ತವೆ. ಇದ್ದ ಶಟರೂ ಹೋಯ್ತು. ಯೂಟ್ಯೂಬ್ ನೋಡಿ ಸ್ಕ್ರೂ ಬಿಚ್ಚೋದೂ ಬೇಡ, ಅದು ಕಲಿತವರ ಕೆಲಸ.

5/7
ನಮ್ಮ ಕೈಲಾಗೋದು ಅಳೆಯೋದು. ಬೇಕಾಗಿರೋದು ನಿಮ್ಮ ಫೋನ್ ಅಷ್ಟೇ.
ನಿಧಾನದ ಸ್ಪೀಡ್‌ಗೆ: ಫೋನನ್ನ ಲೆನ್ಸ್ ಪಕ್ಕ ಇಟ್ಟು ಸೌಂಡ್ ರೆಕಾರ್ಡ್ ಮಾಡಿ. ತೆರೆಯೋ ಸದ್ದು, ಮುಚ್ಚೋ ಸದ್ದು ಎರಡು ಗೆರೆಯಾಗಿ ಕಾಣುತ್ತೆ. ನಡುವಿನ ಅಂತರವೇ ನಿಮ್ಮ ನಿಜವಾದ ಸ್ಪೀಡ್.
ಮಧ್ಯದ ಸ್ಪೀಡ್‌ಗೆ: ಕಿಟಕಿ ಬೆಳಕಿಗೆ ಲೆನ್ಸ್ ಹಿಡಿದು ಹಿಂದಿನಿಂದ 240 ಫ್ರೇಮ್ ಸ್ಲೋ-ಮೋಷನ್ ತೆಗೀರಿ. 1/25ಕ್ಕೆ ಸುಮಾರು 10 ಫ್ರೇಮ್ ಬೆಳಕು ಕಾಣ್ಬೇಕು. 1/200ಕ್ಕೆ ಸಿಗೋದು ಒಂದೇ ಫ್ರೇಮ್, ಅದನ್ನ ನಂಬೋಕಾಗಲ್ಲ. ಅದಕ್ಕೆ ಫೋಟೋಡಯೋಡ್ ಬೇಕು.
ಪ್ರತಿ ಸ್ಪೀಡನ್ನೂ ಹತ್ತು ಸಲ ಅಳೀರಿ. ಹತ್ತು ಸಲವೂ ಅರ್ಧ ಸೆಕೆಂಡಿನ ಜಾಗದಲ್ಲಿ ಒಂದು ಸೆಕೆಂಡೇ ಬಂದ್ರೆ ಭಯ ಬೇಡ: ಮೀಟರ್‌ಗೂ ಒಂದು ಸೆಕೆಂಡು ಅಂತಲೇ ಲೆಕ್ಕ ಹಾಕಿ, ಅಪರ್ಚರ್ ಒಂದು ಸ್ಟಾಪ್ ಮುಚ್ಚಿ. ಒಂದೊಂದು ಸಲ ಒಂದೊಂದು ಬಂದ್ರೆ ರಿಪೇರಿಗೆ ಕೊಡಿ. ತಪ್ಪು ಹೇಳೋ ಶಟರ್ ಜೊತೆ ಬದುಕಬಹುದು, ಮಾತು ಬದಲಾಯಿಸೋ ಶಟರ್ ಜೊತೆ ಆಗಲ್ಲ.
ಇನ್ನೊಂದು: ಅತಿ ವೇಗದ ಸ್ಪೀಡ್ ಬೇಕಿದ್ರೆ ಕಾಕ್ ಮಾಡೋಕೆ ಮುಂಚೆನೇ ತಿರುಗಿಸಿ. ಬಲವಂತ ಬೇಡವೇ ಬೇಡ.

6/7
1854ರ ಡಿಸೆಂಬರ್‌ನಲ್ಲಿ ಲಿನಿಯಸ್ ಟ್ರೈಪ್ ಹಳೇಬೀಡು, ಬೇಲೂರಿಗೆ ಹೋಗಿ ದೇವಸ್ಥಾನಗಳ ಫೋಟೋ ತೆಗೆದ. ಪೇಪರ್ ನೆಗೆಟಿವ್, ಶಟರ್ರೇ ಇಲ್ಲದ ಕಾಲ. ಲೆನ್ಸ್ ಮುಚ್ಚಳ ತೆಗೆಯೋದು, ಕಾಯೋದು, ಮತ್ತೆ ಹಾಕೋದು. ಎಷ್ಟು ಹೊತ್ತು ಬೆಳಕು ಬಿಡ್ಬೇಕು ಅನ್ನೋದರ ಪೂರ್ತಿ ಹೊಣೆ ಮುಚ್ಚಳ ಹಿಡಿದ ಕೈದು. ನಮಗೆ ಡಯಲ್ ಸಿಕ್ತು, ಆ ಹೊಣೆನ ಡಯಲ್ ಮೇಲೆ ಹಾಕಿ ಕೈ ತೊಳ್ಕೊಂಡ್ವಿ.

7/7
ಕೊನೇ ಫೋಟೋ ನನ್ನ ಲೆನ್ಸ್ ಬೋರ್ಡ್. ಹಿಂದೆ ಅಂಟಿಸಿರೋ ಚೀಟಿ ನೋಡಿ: ಎಡಕ್ಕೆ ಡಯಲ್ ಹೇಳೋದು, ಬಲಕ್ಕೆ ನಾನು ಅಳೆದಿದ್ದು. ಮೂರು ತಿಂಗಳಿಗೊಮ್ಮೆ ಹೊಸ ಚೀಟಿ. ಕ್ಯಾಮೆರಾದ ಫೋಟೋ ಹಾಕಿ ಲೈಕ್ ತಗೊಳ್ಳೋಕೆ ಇದು ಬೇಕಿಲ್ಲ. ಯಾರನ್ನಾದ್ರೂ "ಅಲ್ಲಾಡ್ಬೇಡಿ" ಅಂತ ಕೇಳೋಕೆ ಮುಂಚೆ ಬೇಕು.
ಈ ಭಾನುವಾರ ಬೆಳಗ್ಗೆ ನಿಮ್ಮ ಹಳೇ ಶಟರ್ ತಗೊಂಡ್ ಬನ್ನಿ. ಕೋಣನಕುಂಟೆ ಕ್ರಾಸ್ ಮೆಟ್ರೋದಲ್ಲಿ ಇಳಿದು ಮೆಸೇಜ್ ಹಾಕಿ, ಬಂದು ಕರ್ಕೊಂಡ್ ಹೋಗ್ತೀನಿ. ಒಟ್ಟಿಗೆ ಅಳೆಯೋಣ. ಕಾಫಿ ನಂದು.

#ಸುಬ್ರಹ್ಮಣ್ಯಪುರ #ಲಾರ್ಜ್‌ಫಾರ್ಮ್ಯಾಟ್ #ಅಳೆದುನೋಡಿ