ವಾಯುಭಾರದ ಲೆಕ್ಕವೂ ವಾಣಿಜ್ಯದ ಲೆಕ್ಕವೇ

ಪ್ರತಿವರ್ಷ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ 'ಬಂಗಾಳಕೊಲ್ಲಿಯಲ್ಲಿ ವಾಯುಭಾರ ಕುಸಿತ' ಎಂಬ ಮಾತು ಪತ್ರಿಕೆಗಳಲ್ಲಿಯೂ ಆಕಾಶವಾಣಿಯ ವಾರ್ತೆಗಳಲ್ಲಿಯೂ ಮತ್ತೆ ಮತ್ತೆ ಕೇಳಿಬರುತ್ತದೆ. ಹೆಬ್ಬಾಳ, ಯಲಹಂಕ, ಹುಣಸಮಾರನಹಳ್ಳಿಗಳ ನಿವಾಸಿಗಳಿಗೆ ಇದರ ಅರ್ಥ ಎರಡು ಮೂರು ದಿನಗಳ ಜಿಟಿಜಿಟಿ ಮಳೆ ಮತ್ತು ಬಳ್ಳಾರಿ ರಸ್ತೆಯ ವಾಹನದಟ್ಟಣೆ. ಇದೇ ಭಾಗದ ರಫ್ತುದಾರರಿಗೆ ಮಾತ್ರ ಅದರ ಅರ್ಥ ಬೇರೆ. ಚಿಕ್ಕಬಳ್ಳಾಪುರ, ಕೋಲಾರ ಮತ್ತು ಬೆಂಗಳೂರು ಗ್ರಾಮಾಂತರ ಜಿಲ್ಲೆಗಳಲ್ಲಿ ಬೆಳೆದ ಬೆಂಗಳೂರು ಗುಲಾಬಿ ಈರುಳ್ಳಿಯು ಆಗ್ನೇಯ ಏಷ್ಯಾದ ದೇಶಗಳಿಗೆ ಹೋಗುವುದು ಚೆನ್ನೈ ಬಂದರಿನ ಮೂಲಕ. ಬಂದರು ಬಾಗಿಲು ಹಾಕಿದರೆ ಈರುಳ್ಳಿ ಕಾಯುವುದಿಲ್ಲ, ಕೊಳೆಯುತ್ತದೆ. 2023ರ ಡಿಸೆಂಬರ್ 4ರಂದು ಮಿಚಾಂಗ್ ಚಂಡಮಾರುತದಿಂದಾಗಿ ಚೆನ್ನೈ ವಿಮಾನ ನಿಲ್ದಾಣವು ಮುಚ್ಚಿದಾಗ, ಮೂವತ್ತಕ್ಕೂ ಹೆಚ್ಚು ವಿಮಾನಗಳು ಕೆಂಪೇಗೌಡ ಅಂತಾರಾಷ್ಟ್ರೀಯ ವಿಮಾನ ನಿಲ್ದಾಣದತ್ತ ತಿರುಗಿದವು. ಕಡಲಿನಿಂದ ಬಹುದೂರದಲ್ಲಿರುವ ಉತ್ತರ ಬೆಂಗಳೂರಿನ ವಹಿವಾಟು ಕಡಲಿನ ಗಾಳಿಗೆ ಎಷ್ಟು ಬಿಗಿಯಾಗಿ ಹೆಣೆದುಕೊಂಡಿದೆ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಇಷ್ಟಾದರೂ ಒಂದು ಪ್ರಶ್ನೆಯನ್ನು ವಾಣಿಜ್ಯ ಸಮುದಾಯವು ಕೇಳಿಕೊಳ್ಳುವುದು ವಿರಳ. ನಡುಗಡಲಿನಲ್ಲಿ ವಾಯುಭಾರ ಕುಸಿಯಿತೆಂದು ಅಳೆದು ಹೇಳಿದವರು ಯಾರು? ಉಪಗ್ರಹಗಳು ಮತ್ತು ತೇಲುಮಾಪಕಗಳ ಜೊತೆಗೆ, ಸರಕು ಹೊತ್ತು ಸಾಗುವ ಸಾಮಾನ್ಯ ವ್ಯಾಪಾರಿ ಹಡಗುಗಳೂ ಈ ಕೆಲಸವನ್ನು ಮಾಡುತ್ತವೆ. ಮುನ್ಸೂಚನೆಯ ಫಲವನ್ನು ಉಣ್ಣುವ ವಾಣಿಜ್ಯವೇ ಅದರ ಬೀಜವನ್ನೂ ಒದಗಿಸಬೇಕಾಗಿದೆ. ಈ ಹೊಣೆಯನ್ನು ವಾಣಿಜ್ಯ ಮಂಡಳಿಗಳು ಪುನಃ ನೆನಪಿಸಿಕೊಳ್ಳುವ ಕಾಲವೀಗ ಬಂದಿದೆ.

ದಿನಚರಿ ಪುಸ್ತಕಗಳಿಂದ ಹುಟ್ಟಿದ ಶಾಸ್ತ್ರ

'ಸೈಕ್ಲೋನ್' ಎಂಬ ಶಬ್ದವೇ ಭಾರತದಲ್ಲಿ ಹುಟ್ಟಿದ್ದು. ಕಲ್ಕತ್ತೆಯಲ್ಲಿ ನೌಕಾ ವಿಚಾರಣಾ ನ್ಯಾಯಾಲಯದ ಅಧ್ಯಕ್ಷನಾಗಿದ್ದ ಹೆನ್ರಿ ಪಿಡಿಂಗ್ಟನ್, ಬಿರುಗಾಳಿಗೆ ಸಿಕ್ಕಿ ಬಂದ ಹಡಗುಗಳ ದಿನಚರಿ ಪುಸ್ತಕಗಳನ್ನು ಸಂಗ್ರಹಿಸಿ, ಯಾವ ಗಳಿಗೆಯಲ್ಲಿ ಯಾವ ಸ್ಥಾನದಲ್ಲಿ ಗಾಳಿಯ ದಿಕ್ಕು ಮತ್ತು ವಾಯುಭಾರ ಎಷ್ಟಿತ್ತೆಂಬುದನ್ನು ನಕ್ಷೆಯ ಮೇಲೆ ಗುರುತಿಸಿದನು. ಹಾವು ಸುತ್ತಿಕೊಂಡಂತೆ ಗಾಳಿಯು ಒಂದು ಕೇಂದ್ರದ ಸುತ್ತ ತಿರುಗುವುದು ಅವನಿಗೆ ಕಂಡಿತು. ಗ್ರೀಕ್ ಮೂಲದಿಂದ ಅವನು ರೂಪಿಸಿದ ಈ ಹೆಸರು 1848ರ ಅವನ ನಾವಿಕರ ಕೈಪಿಡಿಯ ಮೂಲಕ ಪ್ರಚಾರಕ್ಕೆ ಬಂದಿತು.

ಅವನ ಮಾತಿಗೆ ಕಿವಿಗೊಡದಿದ್ದುದರ ಬೆಲೆಯನ್ನು ತೆತ್ತವರು ಬಂಡವಾಳಗಾರರು. ಮಾತ್ಲಾ ನದಿಯ ದಡದಲ್ಲಿ ಹೊಸ ಬಂದರನ್ನು ಕಟ್ಟುವ ಯೋಜನೆ ಅಪಾಯಕಾರಿಯೆಂದು ಪಿಡಿಂಗ್ಟನ್ 1853ರಲ್ಲಿಯೇ ಗವರ್ನರ್ ಜನರಲ್ ಅವರಿಗೆ ಎಚ್ಚರಿಕೆ ನೀಡಿದ್ದನು. ಆದರೂ ಪೋರ್ಟ್ ಕ್ಯಾನಿಂಗ್ ನಿರ್ಮಾಣವಾಯಿತು; ಅದರ ಷೇರುಗಳು ಬಿಸಿಯಾಗಿ ಮಾರಾಟವಾದವು. 1867ರ ನವೆಂಬರ್‌ನಲ್ಲಿ ಬಂದ ಚಂಡಮಾರುತವು ಬಂದರನ್ನು ಧ್ವಂಸಗೊಳಿಸಿತು. ಕೆಲವೇ ವರ್ಷಗಳಲ್ಲಿ ಅದನ್ನು ಕೈಬಿಡಲಾಯಿತು. ಇದಕ್ಕೂ ಮುನ್ನ, 1864ರ ಅಕ್ಟೋಬರ್ 5ರಂದು ಕಲ್ಕತ್ತೆಗೆ ಬಡಿದ ಚಂಡಮಾರುತದಲ್ಲಿ ಹತ್ತಾರು ಸಾವಿರ ಜನ ಪ್ರಾಣ ಕಳೆದುಕೊಂಡಿದ್ದರು. ಆ ಬಳಿಕ ಕಲ್ಕತ್ತೆ ಬಂದರಿಗೆ ಬಿರುಗಾಳಿ ಎಚ್ಚರಿಕೆಯ ವ್ಯವಸ್ಥೆ ಏರ್ಪಟ್ಟಿತು. 1875ರಲ್ಲಿ ಭಾರತೀಯ ಹವಾಮಾನ ಇಲಾಖೆ ಸ್ಥಾಪನೆಗೊಂಡಿತು.

ಪೂರ್ವ ಏಷ್ಯಾದಲ್ಲಿ ಟೈಫೂನ್ ಎಂದು ಕರೆಯುವುದೂ ಇದೇ ಚಂಡಮಾರುತವನ್ನು. ಮನಿಲಾದ ವೀಕ್ಷಣಾಲಯದಲ್ಲಿ ಫಾದರ್ ಫೆಡೆರಿಕೊ ಫೌರಾ 1879ರಲ್ಲಿ ಟೈಫೂನಿನ ಮುನ್ನೆಚ್ಚರಿಕೆಯನ್ನು ಹೊರಡಿಸಿದರು. ಅದೇ ವರ್ಷ ಶಾಂಘೈ ಸಮೀಪದ ಝಿಕಾವೆ ವೀಕ್ಷಣಾಲಯದ ಫಾದರ್ ಮಾರ್ಕ್ ಡೆಶೆವ್ರೆನ್ಸ್, ಹಡಗುಗಳ ದಾಖಲೆಗಳನ್ನು ಆಧರಿಸಿ ಒಂದು ಟೈಫೂನಿನ ಹಾದಿಯನ್ನು ಬಿಡಿಸಿ ತೋರಿಸಿದರು. ಚೀನಾದ ಕರಾವಳಿಗೆ ಹವಾಮಾನ ಸೇವೆಯೊಂದು ಬೇಕೆಂದು ಇದರ ಹಿಂದೆ ನಿಂತವರಲ್ಲಿ ಶಾಂಘೈನ ವಾಣಿಜ್ಯ ಮಂಡಳಿಯೂ ಒಂದು. ವರ್ತಕರು ವಿಜ್ಞಾನಕ್ಕೆ ಬೆಂಬಲ ನೀಡಿದ್ದು ಔದಾರ್ಯದಿಂದಷ್ಟೇ ಅಲ್ಲ. ಮುಳುಗುವ ಸರಕು ತಮ್ಮದೇ ಎಂಬ ಅರಿವಿನಿಂದ.

ಅಳತೆಯ ಮರ್ಮ

ಉಷ್ಣವಲಯದ ಕಡಲಿನ ಮೇಲೆ ವಾಯುಭಾರವು ಗಡಿಯಾರದಂತೆ ನಡೆಯುತ್ತದೆ. ಬೆಳಿಗ್ಗೆ ಮತ್ತು ರಾತ್ರಿ 10 ಗಂಟೆಯ ಸುಮಾರಿಗೆ ಏರುತ್ತದೆ, 4 ಗಂಟೆಯ ಸುಮಾರಿಗೆ ಇಳಿಯುತ್ತದೆ. ಈ ನಿತ್ಯದ ಏರಿಳಿತವನ್ನು ಕಳೆದ ಮೇಲೂ ವಾಯುಭಾರವು ಆ ಋತುವಿನ ಸರಾಸರಿಗಿಂತ 3 ಹೆಕ್ಟೊಪ್ಯಾಸ್ಕಲ್ ಕುಸಿದಿದ್ದರೆ ನಾವಿಕನು ಎಚ್ಚರಗೊಳ್ಳಬೇಕು. 5 ಕುಸಿದರೆ ಚಂಡಮಾರುತವು ಸಮೀಪದಲ್ಲಿದೆಯೆಂದು ಬಹುಮಟ್ಟಿಗೆ ಖಚಿತ. ಉತ್ತರ ಗೋಳಾರ್ಧದಲ್ಲಿ ಗಾಳಿಗೆ ಬೆನ್ನು ಮಾಡಿ ನಿಂತರೆ ಕೇಂದ್ರವು ಎಡಗಡೆಗಿರುತ್ತದೆ. ಮೂರು ನಾಲ್ಕು ಹಡಗುಗಳಿಂದ ಇಂತಹ ವರದಿಗಳು ಬಂದರೆ, ಕೇಂದ್ರದ ಸ್ಥಾನವನ್ನೂ ಅದು ಸಾಗುವ ದಿಕ್ಕನ್ನೂ ನಕ್ಷೆಯ ಮೇಲೆ ಗುರುತಿಸಲು ಸಾಧ್ಯವಾಗುತ್ತದೆ.

ಹುಣಸಮಾರನಹಳ್ಳಿಯ ಜನರಿಗೆ ವಾಯುಭಾರಮಾಪಕವು ಅಪರಿಚಿತವೇನಲ್ಲ. ಅವರ ತಲೆಯ ಮೇಲೆ ಹಾರುವ ಪ್ರತಿಯೊಂದು ವಿಮಾನದ ಎತ್ತರಮಾಪಕವೂ ಮೂಲತಃ ವಾಯುಭಾರಮಾಪಕವೇ. ಸಮುದ್ರಮಟ್ಟದಿಂದ ಸುಮಾರು 915 ಮೀಟರ್ ಎತ್ತರದಲ್ಲಿರುವ ದೇವನಹಳ್ಳಿಯ ನಿಲ್ದಾಣದಲ್ಲಿ ವಾಯುಭಾರವು ಸಾಮಾನ್ಯವಾಗಿ 910 ಹೆಕ್ಟೊಪ್ಯಾಸ್ಕಲ್‌ನ ಆಸುಪಾಸಿನಲ್ಲಿರುತ್ತದೆ. 1999ರ ಅಕ್ಟೋಬರ್ 29ರಂದು ಒಡಿಶಾವನ್ನು ನುಚ್ಚುನೂರು ಮಾಡಿದ ಮಹಾ ಚಂಡಮಾರುತದ ಕೇಂದ್ರದಲ್ಲಿ ಅಂದಾಜು ಮಾಡಲಾದ ವಾಯುಭಾರ 912. ಬೆಂಗಳೂರಿನಲ್ಲಿ ನೆಮ್ಮದಿಯ ಉಸಿರಾಟದ ಅಂಕಿಯು ಕಡಲಮಟ್ಟದಲ್ಲಿ ಪ್ರಳಯದ ಅಂಕಿ. ಅಳತೆಯೊಂದು ಬೆಲೆ ಪಡೆಯುವುದು ಅದನ್ನು ಎಲ್ಲಿ, ಯಾವ ಎತ್ತರದಲ್ಲಿ, ಎಷ್ಟು ಸರಿಯಾದ ಉಪಕರಣದಿಂದ ಪಡೆಯಲಾಯಿತೆಂಬುದು ತಿಳಿದಾಗ ಮಾತ್ರ.

ಉಪಗ್ರಹವಿರಲು ಹಡಗೇಕೆ?

ಬೆಂಗಳೂರಿನಲ್ಲೇ ರೂಪುಗೊಂಡ ಇನ್‌ಸ್ಯಾಟ್ ಉಪಗ್ರಹಗಳು ಕಣ್ಗಾವಲಿರಿಸಿರುವಾಗ ಹಡಗಿನ ವಾಯುಭಾರಮಾಪಕವು ಹಳೆಯ ಕಾಲದ ಸಾಮಗ್ರಿಯಲ್ಲವೇ ಎಂಬ ವಾದವುಂಟು. ವಾದದಲ್ಲಿ ತಥ್ಯವಿಲ್ಲದಿಲ್ಲ. 2013ರಲ್ಲಿ ಉಡಾವಣೆಗೊಂಡ ಇನ್‌ಸ್ಯಾಟ್-3ಡಿ, 2024ರಲ್ಲಿ ಉಡಾವಣೆಗೊಂಡ ಇನ್‌ಸ್ಯಾಟ್-3ಡಿಎಸ್ ಮೊದಲಾದ ಉಪಗ್ರಹಗಳಿಂದಾಗಿ ಇಂದು ಯಾವ ಚಂಡಮಾರುತವೂ ಕಣ್ತಪ್ಪಿ ದಡ ಸೇರುವಂತಿಲ್ಲ. ಆದರೆ ಉಪಗ್ರಹವು ಕಾಣುವುದು ಮೋಡದ ಆಕಾರವನ್ನು. ಅದರಿಂದ ಕೇಂದ್ರದ ವಾಯುಭಾರವನ್ನು ಊಹಿಸಲಾಗುತ್ತದೆ. ಚಂಡಮಾರುತದೊಳಗೆ ವಿಮಾನ ಹಾರಿಸಿ ಅಳೆಯುವ ನಿತ್ಯಕ್ರಮವು ಉತ್ತರ ಹಿಂದೂ ಮಹಾಸಾಗರದಲ್ಲಿ ಇಲ್ಲ. ಹೀಗಾಗಿ ಊಹೆಯನ್ನು ಒರೆಗೆ ಹಚ್ಚಲು ಉಳಿಯುವುದು ಕೆಲವೇ ತೇಲುಮಾಪಕಗಳು ಮತ್ತು ಹಾದುಹೋಗುವ ಹಡಗುಗಳು. ಚಂಡಮಾರುತದ ಅಂಚಿನಲ್ಲಿರುವ ಒಂದು ಹಡಗಿನ ನೇರ ಅಳತೆಯು ಮುನ್ಸೂಚನೆಯನ್ನು ತಿದ್ದಬಲ್ಲದು.

ನೆಲದ ಮೇಲಿನ ಸ್ಥಿತಿಯೊಡನೆ ಇದನ್ನು ಹೋಲಿಸಬೇಕು. ಯಲಹಂಕದಲ್ಲಿರುವ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ರಾಜ್ಯದ ಗ್ರಾಮ ಪಂಚಾಯತಿಗಳ ಮಟ್ಟದಲ್ಲಿ ದೂರಸಂವೇದಿ ಮಳೆಮಾಪಕಗಳ ಜಾಲವನ್ನು ಹೊಂದಿದೆ. ಕಡಲಿನಲ್ಲಿ ನೂರಾರು ಕಿಲೋಮೀಟರುಗಳ ಹರವಿಗೆ ಒಂದು ಉಪಕರಣವೂ ಇರದ ಸಂದರ್ಭಗಳುಂಟು. 2008ರ ನಂತರದ ಕೆಲವು ವರ್ಷಗಳಲ್ಲಿ ಸೊಮಾಲಿಯಾದ ಕಡಲ್ಗಳ್ಳರ ಭಯದಿಂದ ಹಡಗುಗಳು ಮಾರ್ಗ ಬದಲಿಸಿದವು. ತಮ್ಮ ಸ್ಥಾನ ಬಯಲಾಗದಿರಲೆಂದು ವರದಿ ಕಳುಹಿಸುವುದನ್ನೂ ಕಡಿಮೆ ಮಾಡಿದವು. ಪಶ್ಚಿಮ ಅರಬ್ಬಿ ಸಮುದ್ರದ ಹವಾಮಾನ ನಕ್ಷೆಯಲ್ಲಿ ಇದರಿಂದ ಬರಿದಾದ ಜಾಗವೇ ಉಂಟಾಯಿತು.

ಅದೇ ಅರಬ್ಬಿ ಸಮುದ್ರವು ಈಗ ಹಿಂದಿನಷ್ಟು ಶಾಂತವಾಗಿಲ್ಲ. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆಯ ವಿಜ್ಞಾನಿಗಳ 2021ರ ಅಧ್ಯಯನದ ಪ್ರಕಾರ, 1982–2000ರ ಅವಧಿಗೆ ಹೋಲಿಸಿದರೆ 2001–2019ರಲ್ಲಿ ಅಲ್ಲಿನ ಚಂಡಮಾರುತಗಳ ಸಂಖ್ಯೆ ಶೇಕಡ 52ರಷ್ಟು ಹೆಚ್ಚಿದೆ. 2021ರ ಮೇ ತಿಂಗಳಿನಲ್ಲಿ ಗುಜರಾತಿನತ್ತ ಸಾಗಿದ ತೌಕ್ತೆ ಚಂಡಮಾರುತವು ದಾರಿಯುದ್ದಕ್ಕೂ ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡ ಜಿಲ್ಲೆಗಳ ಕರಾವಳಿಯನ್ನು ಜರ್ಜರಿತಗೊಳಿಸಿತು.

ಮಂಡಳಿಗಳ ಪಾಲಿನ ಕೆಲಸ

ವ್ಯಾಪಾರಿ ಹಡಗುಗಳು ಸ್ವಇಚ್ಛೆಯಿಂದ ಹವಾಮಾನ ವರದಿ ನೀಡುವ ಅಂತಾರಾಷ್ಟ್ರೀಯ ಯೋಜನೆಯಲ್ಲಿ ಭಾರತೀಯ ಹವಾಮಾನ ಇಲಾಖೆಯೂ ಪಾಲ್ಗೊಂಡಿದೆ. ದಿನಕ್ಕೆ ನಾಲ್ಕು ಬಾರಿ ನಿಗದಿತ ಗಂಟೆಗಳಲ್ಲಿ ಅಳತೆ ತೆಗೆದು ಕಳುಹಿಸುವ ಹಡಗಿನ ಅಧಿಕಾರಿಗೆ ಇದಕ್ಕಾಗಿ ಪ್ರತ್ಯೇಕ ವೇತನವಿಲ್ಲ. ಚಂಡಮಾರುತವನ್ನು ಎದುರಿಸಿದ ಕಪ್ತಾನನು ಸುತ್ತಲಿನ ಹಡಗುಗಳಿಗೂ ದಡಕ್ಕೂ ತಿಳಿಸಬೇಕೆಂದು ಅಂತಾರಾಷ್ಟ್ರೀಯ ಒಡಂಬಡಿಕೆಯು ವಿಧಿಸುತ್ತದೆ. ನಿತ್ಯದ ವೀಕ್ಷಣೆಯು ಮಾತ್ರ ಹಡಗಿನ ಒಡೆಯರ ಸದಿಚ್ಛೆಗೆ ಬಿಟ್ಟದ್ದು. ಆ ಸದಿಚ್ಛೆಯನ್ನು ಬೆಳೆಸಬಲ್ಲವರು ಬಾಡಿಗೆ ತೆರುವವರೇ. ಸರಕು ಒಪ್ಪಿಸುವ ಮುನ್ನ 'ನಿಮ್ಮ ಹಡಗುಗಳು ಹವಾಮಾನ ವರದಿ ಕಳುಹಿಸುತ್ತವೆಯೇ?' ಎಂದು ರಫ್ತುದಾರರು ಒಗ್ಗಟ್ಟಿನಿಂದ ಕೇಳತೊಡಗಿದರೆ ನೌಕಾ ಸಂಸ್ಥೆಗಳು ಉತ್ತರಿಸದಿರಲಾರವು. ಒಬ್ಬ ಸಣ್ಣ ರಫ್ತುದಾರ ಕೇಳಿದರೆ ಅದು ಅರಣ್ಯರೋದನ. ಮಂಡಳಿ ಕೇಳಿದರೆ ಅದು ಬೇಡಿಕೆ.

ಉಪಕರಣಗಳ ವಿಷಯದಲ್ಲಿಯೂ ಈ ನಗರಕ್ಕೆ ಪರಂಪರೆಯಿದೆ. ಮೈಸೂರು ಸಂಸ್ಥಾನವು 1890ರ ದಶಕದಲ್ಲಿಯೇ ಬೆಂಗಳೂರು, ಮೈಸೂರು, ಹಾಸನ, ಚಿತ್ರದುರ್ಗಗಳಲ್ಲಿ ಹವಾಮಾನ ವೀಕ್ಷಣಾಲಯಗಳನ್ನು ನಡೆಸಿತು. ಸಿ.ವಿ. ರಾಮನ್ ಅವರ ಪ್ರಯೋಗಾಲಯದಲ್ಲಿ ದುಡಿದ ಅಣ್ಣಾ ಮಣಿ, ಮುಂದೆ ಹವಾಮಾನ ಇಲಾಖೆಯಲ್ಲಿ ಆಮದು ಉಪಕರಣಗಳ ಬದಲಿಗೆ ಸ್ವದೇಶಿ ಉಪಕರಣಗಳನ್ನು ರೂಢಿಗೆ ತಂದರು; ನಿವೃತ್ತಿಯ ಬಳಿಕ ಬೆಂಗಳೂರಿನಲ್ಲಿ ಗಾಳಿ ಮತ್ತು ಸೌರಶಕ್ತಿಯನ್ನು ಅಳೆಯುವ ಉಪಕರಣಗಳ ತಯಾರಿಕೆಗೂ ಕೈಹಾಕಿದರು. ಪೀಣ್ಯದ ಸಣ್ಣ ಕೈಗಾರಿಕೆಗಳಿಗೂ, ಹುಣಸಮಾರನಹಳ್ಳಿಯ ಸರ್ ಎಂ. ವಿಶ್ವೇಶ್ವರಯ್ಯ ತಾಂತ್ರಿಕ ವಿದ್ಯಾಲಯದಂತಹ ಸಂಸ್ಥೆಗಳಿಗೂ ಹಡಗುಗಳಿಗೆ ಒಗ್ಗುವ, ಅಗ್ಗದ, ತಪಾಸಣೆಗೊಳಪಟ್ಟ ವಾಯುಭಾರಮಾಪಕವನ್ನು ಸಿದ್ಧಪಡಿಸುವುದು ಅಸಾಧ್ಯವೇನಲ್ಲ. ಮಂಡಳಿಗಳು ಇಬ್ಬರನ್ನೂ ಹವಾಮಾನ ಇಲಾಖೆಯೊಡನೆ ಒಂದೇ ಮೇಜಿನ ಸುತ್ತ ಕೂರಿಸಬೇಕು.

ಚಂಡಮಾರುತವನ್ನು ತಡೆಯುವ ಶಕ್ತಿ ಯಾವ ಸರ್ಕಾರಕ್ಕೂ ಇಲ್ಲ. ಆದರೆ ಒಂದು ದಿನ ಮೊದಲೇ ನಿಖರವಾಗಿ ತಿಳಿದರೆ ಲಾರಿಯನ್ನು ಹೊಸಕೋಟೆಯಲ್ಲಿಯೇ ನಿಲ್ಲಿಸಬಹುದು, ಈರುಳ್ಳಿಯನ್ನು ಗೋದಾಮಿನಲ್ಲಿಯೇ ಉಳಿಸಬಹುದು, ಹಡಗಿನ ದಿನಾಂಕವನ್ನು ಬದಲಿಸಬಹುದು. ವಿಮೆಯ ಕಂತಿಗೆ ಹಣ ತೆಗೆದಿಡುವ ವರ್ತಕನು ಅಳತೆಗೂ ಒಂದಿಷ್ಟು ತೆಗೆದಿಡುವುದು ನ್ಯಾಯ. ವಿಮೆಯು ನಷ್ಟವಾದ ಮೇಲೆ ಕೈಹಿಡಿಯುತ್ತದೆ. ಅಳತೆಯು ನಷ್ಟಕ್ಕೆ ಮುನ್ನವೇ.