ಪರಂಗಿಯೂ ಹಬಸಿಯೂ

ಯಲ್ಲಾಪುರದಿಂದ ಅಂಕೋಲೆಯತ್ತ ಇಳಿಯುವ ಅರಬೈಲ್ ಘಟ್ಟದಲ್ಲಿ ಒಂದು ಕಾಲಕ್ಕೆ ಬಯಲುಸೀಮೆಯ ಹತ್ತಿ ಕಡಲ ಕಡೆಗೆ ಬಂಡಿಯೇರಿ ಸಾಗುತ್ತಿತ್ತು. ಅದಕ್ಕೂ ಹಿಂದಿನಿಂದ, ದಾರಿಯಲ್ಲದ ದಾರಿಯಲ್ಲಿ, ಇನ್ನೊಂದು ಪ್ರಯಾಣ ಈ ಕಾಡಿಗೆ ಬಂದು ಮುಗಿದಿತ್ತು. ಪೋರ್ತುಗೀಜರು ಆಫ್ರಿಕದ ಕರಾವಳಿಯಿಂದ ಗೋವೆಗೆ ಗುಲಾಮರನ್ನಾಗಿ ತಂದ ಜನರಲ್ಲಿ ತಪ್ಪಿಸಿಕೊಂಡವರು, ಬಿಡುಗಡೆ ಪಡೆದವರು ಯಲ್ಲಾಪುರ, ಹಳಿಯಾಳ, ಅಂಕೋಲೆಗಳ ಅಡವಿಯಲ್ಲಿ ನೆಲೆ ಕಂಡರು. ಅವರೇ ಇಂದಿನ ಸಿದ್ದಿಗಳು. ಆಫ್ರಿಕವು ಅರಬೈಲಿಗೆ ಬಂದು ತಲೆಮಾರುಗಳೇ ಕಳೆದವು. ಅರಬೈಲಿನವನು ಆಫ್ರಿಕಕ್ಕೆ ಹೊರಟರೆ ಮಾತ್ರ ಊರು ಬೆರಗಾಗುತ್ತದೆ.

ಅಮೆರಿಕಕ್ಕೆಂದರೆ ಸಂತೋಷಪಡುವ ಆಯಿ ಆಫ್ರಿಕಕ್ಕೆಂದೊಡನೆ, "ಅಲ್ಲಿ ಊಟಕ್ಕೆ ಎಂತ ಮಾಡ್ತೆ, ತಮಾ?" ಎಂದು ಕಣ್ಣು ತುಂಬಿಕೊಳ್ಳುತ್ತಾಳೆ. ಆದರೆ ಭಾರತೀಯರು ನೆರವಿನ ಕೆಲಸಕ್ಕಾಗಿ ಆ ಖಂಡಕ್ಕೆ ಹೋಗುವುದು ಹೊಸದಲ್ಲ. 1960ರಿಂದ 1964ರವರೆಗೆ ಕಾಂಗೋ ದೇಶದಲ್ಲಿ ವಿಶ್ವಸಂಸ್ಥೆಯ ಪರವಾಗಿ ನಿಂತ ಪಡೆಗಳಲ್ಲಿ ನಮ್ಮ ಸೈನಿಕರಿದ್ದರು. 1964ರಲ್ಲಿ ಭಾರತ ಸರಕಾರವು ತಾಂತ್ರಿಕ ಹಾಗೂ ಆರ್ಥಿಕ ಸಹಕಾರದ ಯೋಜನೆಯನ್ನೇ ಆರಂಭಿಸಿತು. ಹೈಲೆ ಸೆಲಾಸಿ ಚಕ್ರವರ್ತಿಯ ಕಾಲದ ಇಥಿಯೋಪಿಯದಲ್ಲಂತೂ ಊರೂರಿನ ಪ್ರೌಢಶಾಲೆಗಳಲ್ಲಿ ಗಣಿತವನ್ನೂ ವಿಜ್ಞಾನವನ್ನೂ ಕಲಿಸಿದವರಲ್ಲಿ ಭಾರತದ ಉಪಾಧ್ಯಾಯರು ಬಹುಮಂದಿ. 1974ರಲ್ಲಿ ಚಕ್ರವರ್ತಿ ಪದಚ್ಯುತನಾದ. ಪಾಠ ಹೇಳಿದವರ ನೆನಪು ಅಷ್ಟು ಬೇಗ ಅಳಿಯಲಿಲ್ಲ.

ಇಂಥ ಒಬ್ಬ ತರುಣನನ್ನು, ಅರಬೈಲಿನ ಅಡಕೆ ತೋಟದ ಮನೆಯವನನ್ನು, ವಾಚಕರು ಊಹಿಸಿಕೊಳ್ಳಲಿ. ಅವನು ಇಳಿಯುವ ಊರು ಅಡಿಸ್ ಅಬಾಬ. 1886ರಲ್ಲಿ ಸ್ಥಾಪಿತವಾದ ಆ ನಗರದ ಹೆಸರಿಗೆ 'ಹೊಸ ಹೂವು' ಎಂದು ಅರ್ಥ. ಹೂವು ಅರಳಿರುವುದು ಸಮುದ್ರಮಟ್ಟದಿಂದ 2,300 ಮೀಟರಿಗೂ ಮಿಗಿಲಾದ ಎತ್ತರದಲ್ಲಿ. ನಮ್ಮ ಮುಳ್ಳಯ್ಯನಗಿರಿಯ ನೆತ್ತಿಯೂ ಅದಕ್ಕಿಂತ ಕೆಳಗೆ. ಘಟ್ಟ ಹತ್ತಿ ಬೆಳೆದ ಕಾಲುಗಳೆಂಬ ಜಂಬ ಮೊದಲ ದಿನವೇ ಇಳಿಯುತ್ತದೆ. ಎರಡು ಮಹಡಿ ಏರಿದರೆ ಏದುಸಿರು, ರಾತ್ರಿ ನಿದ್ದೆಯಿಲ್ಲ, ಮರುದಿನ ತಲೆನೋವು. ಆಫ್ರಿಕವೆಂದರೆ ಬೇಗೆಯೆಂದು ನಂಬಿ ಉಣ್ಣೆಯ ಅಂಗಿಯನ್ನು ಮನೆಯಲ್ಲೇ ಬಿಟ್ಟು ಬಂದಿದ್ದರಂತೂ ಚಳಿಯೂ ಸೇರಿಕೊಳ್ಳುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಲ್ಲಿಯೂ ಮಳೆಗಾಲವೇ. ಆದರೆ ಅರಬೈಲಿನವನು ಅದನ್ನು ಮಳೆಯೆಂದು ಒಪ್ಪಲು ತುಸು ಹಿಂಜರಿದಾನು.

ಮುಂದಿನ ಪೇಚು ಗಡಿಯಾರದ್ದು. "ನಾಳೆ ಎರಡು ಗಂಟೆಗೆ ಬನ್ನಿ" ಎಂದು ಹೇಳಿದ್ದನ್ನು ನಂಬಿ ಮಧ್ಯಾಹ್ನ ಉಂಡು ಹೋದರೆ ಕಚೇರಿಯವರು ಬೆಳಗಿನಿಂದ ಕಾದು ಬೇಸತ್ತಿರುತ್ತಾರೆ. ಅಲ್ಲಿ ಹೊತ್ತಿನ ಎಣಿಕೆ ಸೂರ್ಯೋದಯದಿಂದ. ಬೆಳಗಿನ ಎಂಟು ಗಂಟೆಯೇ ಅವರ ಎರಡು. ಪಂಚಾಂಗದ ಉದಯಾದಿ ಗಳಿಗೆಯನ್ನು ಬಲ್ಲ ಅಜ್ಜನಿಗೆ ಇದು ತಟ್ಟನೆ ತಿಳಿದೀತು, ಎಂ.ಎಸ್‌ಸಿ. ಮಾಡಿದ ಮೊಮ್ಮಗನಿಗೇ ತಡ. ವರ್ಷಕ್ಕೆ ಹದಿಮೂರು ತಿಂಗಳು: ಮೂವತ್ತು ದಿನಗಳ ಹನ್ನೆರಡು, ಉಳಿದ ಐದಾರು ದಿನಗಳದೇ ಇನ್ನೊಂದು. ಇಸವಿಯೂ ನಮ್ಮದಕ್ಕಿಂತ ಏಳೆಂಟು ವರ್ಷ ಹಿಂದೆ. ಅಷ್ಟರಮಟ್ಟಿಗೆ ಬಂದವನು ಕಿರಿಯನಾದನೆಂದು ಸಮಾಧಾನಪಟ್ಟುಕೊಳ್ಳಬಹುದು.

ಬೀದಿಯ ಹಲಗೆಗಳ ಅಕ್ಷರ ಮೊದಲಿಗೆ ಇರುವೆಸಾಲಿನಂತೆ ಕಂಡರೂ ಕನ್ನಡಿಗನಿಗೆ ಅದು ಪೂರ್ತಿ ಪರಕೀಯವಲ್ಲ. ಅಮ್ಹಾರಿಕ್ ಲಿಪಿಯಲ್ಲಿ ಒಂದೊಂದು ವ್ಯಂಜನಕ್ಕೆ ಸ್ವರಕ್ಕನುಗುಣವಾಗಿ ಏಳು ರೂಪ. ಎಂದರೆ ಕಾಗುಣಿತವೇ! ಇಂಗ್ಲಿಷಿನ ಮೂಲಕ ಬಂದವನು ಇನ್ನೂರಕ್ಕೂ ಹೆಚ್ಚು ಅಕ್ಷರಗಳೆಂದು ಕಂಗೆಡುವಲ್ಲಿ, ಮರಳಿನ ಮೇಲೆ ಕಾಗುಣಿತ ತಿದ್ದಿದವನು ಸಾಲಿನ ಸೂತ್ರ ಹಿಡಿದು ಮುಂದೆ ಹೋಗುತ್ತಾನೆ. ದಾರಿಯಲ್ಲಿ ಹುಡುಗರು "ಫೆರೆಂಜ್, ಫೆರೆಂಜ್" ಎಂದು ಕೂಗಿದಾಗಲೂ ಕಿವಿ ಚುರುಕಾಗಬೇಕು. ಅದು ನಮ್ಮ 'ಪರಂಗಿ'ಯೇ. ನಾವು ಬಿಳಿಯರಿಗೂ ಹಣ್ಣೊಂದಕ್ಕೂ ಅಂಟಿಸಿದ ಹೆಸರು ಅಲ್ಲಿ ಅರಬೈಲಿನವನಿಗೇ ಅಂಟುತ್ತದೆ. ಆ ನಾಡಿನ ಹಳೆಯ ಹೆಸರಿನಿಂದ ಬಂದ 'ಹಬಸಿ' ಎಂಬ ಮಾತನ್ನು ನಮ್ಮವರು ಎಷ್ಟು ಹಗುರವಾಗಿ ಆಡುತ್ತಾರೆಂಬುದು ಆಗ ನೆನಪಾದರೆ ಅಚ್ಚರಿಯಲ್ಲ. ಅಹಮದನಗರದ ರಾಜ್ಯಭಾರವನ್ನು ನಡೆಸಿ 1626ರಲ್ಲಿ ತೀರಿಕೊಂಡ ಮಲಿಕ್ ಅಂಬರ್ ಅದೇ ನಾಡಿನಿಂದ ಗುಲಾಮನಾಗಿ ಮಾರಾಟವಾಗಿ ಬಂದವನು.

ಇನ್ನು ಆಯಿಯ ಪ್ರಶ್ನೆ. ತೆಫ್ ಎಂಬ ಸಣ್ಣಕಾಳಿನ ಹಿಟ್ಟನ್ನು ಎರಡು ಮೂರು ದಿನ ಹುಳಿಬರಿಸಿ, ಅಗಲವಾದ ಮಣ್ಣಿನ ಕಾವಲಿಯ ಮೇಲೆ ಹೊಯ್ದು, ಮಗುಚದೆ ಬೇಯಿಸಿದ ಇಂಜೆರ. ಮೈತುಂಬ ಕಣ್ಣುಕಣ್ಣಾದ ಹುಳಿದೋಸೆಯೆನ್ನಿ. ಅದರ ಮೇಲೆ ಬೇಳೆಯ ಗೊಜ್ಜು, ಹಿಟ್ಟು ಕದಡಿ ಕುದಿಸಿದ ಶಿರೋ. ಬುಧವಾರ ಶುಕ್ರವಾರಗಳಂದು ಅಲ್ಲಿನ ಕ್ರೈಸ್ತರು ಮಾಂಸ, ಹಾಲು, ಮೊಟ್ಟೆಗಳನ್ನು ಬಿಡುವುದರಿಂದ ಶಾಕಾಹಾರಿಗೆ ಯಾವ ಖಾನಾವಳಿಯಲ್ಲೂ ತೊಡಕಿಲ್ಲ. ತೊಡಕಿರುವುದು ಬೇರೆಡೆ. ಒಂದೇ ಹರಿವಾಣದ ಸುತ್ತ ಎಲ್ಲರೂ ಕುಳಿತು ಅದರಿಂದಲೇ ಮುರಿದು ಉಣ್ಣುತ್ತಾರೆ. ಪ್ರೀತಿ ಹೆಚ್ಚಾದರೆ ತಮ್ಮ ಕೈಯಿಂದಲೇ ತುತ್ತು ಮಾಡಿ ಅತಿಥಿಯ ಬಾಯಿಗಿಡುತ್ತಾರೆ. 'ಗುರ್ಶ' ಎಂದು ಅದರ ಹೆಸರು. ಮಡಿ, ಮುಸುರೆ, ಎಂಜಲುಗಳ ಎಣಿಕೆಯಲ್ಲಿ ಬೆಳೆದವನಿಗೆ ಈ ತುತ್ತು ಗಂಟಲಲ್ಲಿ ಇಳಿಯುವುದು, 2,300 ಮೀಟರ್ ಏರುವುದಕ್ಕಿಂತ ಕಷ್ಟ.

ಊಟದ ಮೇಲೆ 'ಬುನ್ನ'. ಹಸಿಯ ಕಾಫಿಬೀಜವನ್ನು ಅತಿಥಿಯ ಕಣ್ಣೆದುರೇ ಹುರಿದು, ಕುಟ್ಟಿ, ಮಣ್ಣಿನ ಹೂಜಿಯಲ್ಲಿ ಕಾಯಿಸಿ, ಮೂರು ಸುತ್ತು ಕೊಡುತ್ತಾರೆ. ಮೊದಲನೆಯದಕ್ಕೇ ಎದ್ದು ಹೊರಡುವುದು ಅಗೌರವ. ಮೂರನೆಯ ಬಟ್ಟಲಿನ ಹೊತ್ತಿಗೆ ಮಾತು ಊರಿನ ಕಡೆ ತಿರುಗದೆ ಇರದು. "ನಿಮ್ಮ ಸೀಮೆಯಲ್ಲಿ ನಮ್ಮ ಖಂಡದವರುಂಟೆ?" ಉಂಟು, ನಮ್ಮ ತೋಟದ ಮಗ್ಗುಲಲ್ಲೇ ಇದ್ದಾರೆ. "ಹಾಗಾದರೆ ಅವರೊಂದಿಗೆ ಹೀಗೆಯೇ ಉಣ್ಣುತ್ತೀರಲ್ಲವೆ?" ಹೌದೆಂದರೆ ಸುಳ್ಳಾಗುತ್ತದೆ, ಇಲ್ಲವೆನ್ನಲು ಬಾಯಲ್ಲಿನ್ನೂ ಅವರಿಟ್ಟ ತುತ್ತಿನ ರುಚಿಯಿದೆ.

ತೋಟಕ್ಕೆ ಗೊಬ್ಬರ ಹೊತ್ತ, ಅಡಕೆ ಕೊಯ್ಲಿಗೆ ಬಂದ ಸಿದ್ದಿಗೆ ಅಂಗಳದಲ್ಲಿ ಎಲೆ ಹಾಕಿದ ಮನೆಗಳು ಘಟ್ಟದಲ್ಲಿ ಒಂದೆರಡಲ್ಲ. ಈಚೆಗೆ ಕಾಲ ಸರಿದಿದೆ, ನಿಜ. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡಕ್ಕೆ ಸೇರಿದರು. 2020ರಲ್ಲಿ ಯಲ್ಲಾಪುರ ತಾಲೂಕಿನ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡರು. ಅವರ ಹೆಂಗಸರು ಹಳೆಯ ಬಟ್ಟೆಯ ತುಂಡುಗಳನ್ನು ಕೂಡಿಸಿ ಹೊಲಿದ ಕೌದಿಗಳನ್ನು ಈಗ ದೂರದ ನಗರಗಳಲ್ಲಿ ಪ್ರದರ್ಶನಕ್ಕಿಟ್ಟು ನೋಡುತ್ತಾರೆ.

ಆದರೆ ಪರದೇಶದಲ್ಲಿ ಅವರ ಪೂರ್ವಿಕರ ಮೊದಲ ದಿನಗಳು ಹೇಗಿದ್ದವೆಂದು ಬರೆದಿಟ್ಟವರಿಲ್ಲ. ಸಂಬಳವಿರಲಿಲ್ಲ, ಮರಳಿ ಹೋಗುವ ಟಿಕೆಟ್ ಇರಲಿಲ್ಲ, ಎರಡು ಗಂಟೆಯೆಂದರೆ ಯಾವ ಹೊತ್ತೆಂದು ತಿಳಿಸಿ ಹೇಳುವ ಕಚೇರಿಯೂ ಇರಲಿಲ್ಲ. ಕಾಡಿನಲ್ಲಿ ಯಾವ ಕಾಯಿ ತಿನ್ನಬಹುದು, ಯಾವುದು ನಂಜು ಎಂಬುದನ್ನು ತಾವೇ ಕಂಡುಕೊಂಡರು. ಸುತ್ತಲಿನ ಕನ್ನಡವನ್ನೂ ಕೊಂಕಣಿಯನ್ನೂ ಕೇಳಿ ಕೇಳಿ ಕಲಿತರು. ಹಬ್ಬದ ರಾತ್ರಿ ಬಾರಿಸುವ ಡಮಾಮಿಯ ಸದ್ದು ಘಟ್ಟದ ತೋಟದ ಮನೆಗಳಿಗೂ ಕೇಳುತ್ತದೆ.